ಟೀಚರೇ, ನೀವು ಯಾರನ್ನು ನೋಡ್ತಾ ಇದ್ದೀರಿ?

ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ನಮ್ಮ ಪಂಚಾಯತುಗಳ ಅಧ್ಯಕ್ಷರಿಗೆ, ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ, ಮತ್ತೆ ಇದನ್ನು ಓದುವ ನಮ್ಮೂರಿನ ಎಲ್ಲರಿಗೂ ನಮಸ್ಕಾರ.

ನಾನು ಬದಿಯಡ್ಕದಿಂದ ಆಚೆ ಇರುವ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ವಯಸ್ಸು 43. ಹೋದ ತಿಂಗಳು ನಮ್ಮ ಶಾಲೆಯಲ್ಲಿ ಪಿಟಿಎ ಮೀಟಿಂಗ್ ಇತ್ತು. ಮುಗಿಸಿ ಹೊರಡುವಾಗ ಗೇಟಿನ ಹೊರಗೆ ಒಬ್ಬ ತಾಯಿ ನಿಂತಿದ್ದರು. ಅವರ ಮಗ ನನ್ನ ಕ್ಲಾಸಿನವನು. ಅವರು ಯಾವ ಮೀಟಿಂಗಿಗೂ ಒಳಗೆ ಬಂದವರಲ್ಲ. ಬಂದರೂ ಗೇಟಿನ ಹತ್ತಿರವೇ ನಿಂತು, ಸೆರಗನ್ನು ಎಡಗೆನ್ನೆಯವರೆಗೆ ಎಳೆದುಕೊಂಡು, ತಲೆ ತಗ್ಗಿಸಿ ಎರಡು ಮಾತಾಡಿ ಹೋಗುವವರು. ಅವರ ಎಡಗಣ್ಣು ಮೂಗಿನ ಕಡೆಗೆ ತಿರುಗಿದೆ. ಆವತ್ತು ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದು ಕೇಳಿದರು, "ಟೀಚರೇ, ನಿಮ್ಮ ಕಣ್ಣೂ ಮೊದಲು ಹೀಗೇ ಇತ್ತಂತೆ, ಹೌದಾ? ಈ ಪ್ರಾಯದಲ್ಲಿ ಸರಿ ಮಾಡ್ತಾರಾ? ಕಾಸರಗೋಡಿನಲ್ಲೇ ಆಗ್ತದಾ? ನಮ್ಮ ಕಾರ್ಡಿಗೆ ಆಗ್ತದಾ?"

ಮೊದಲ ಎರಡು ಪ್ರಶ್ನೆಗೆ ಹೌದು ಎಂದೆ. ಉಳಿದ ಎರಡಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಪತ್ರ.

ಮೆಳ್ಳೆಗಣ್ಣು, ಮಾಲುಗಣ್ಣು, ಓರೆಗಣ್ಣು ಅಂತ ನಮ್ಮಲ್ಲಿ ಹೆಸರಿಗೇನೂ ಕೊರತೆಯಿಲ್ಲ. ಬಸ್ಸಿನಲ್ಲಿ ಮಲಯಾಳದಲ್ಲಿ 'ಕೋಂಗಣ್ಣಿ' ಅಂತಲೂ ಕೇಳಿಸಿಕೊಂಡಿದ್ದೇನೆ. ಡಾಕ್ಟರು ಸ್ಕ್ವಿಂಟ್ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ವಿಷಯ ಒಂದೇ. ಎರಡು ಕಣ್ಣು ಒಂದೇ ಕಡೆ ನೋಡುವುದಿಲ್ಲ.

ನನ್ನದು ಬಲಗಣ್ಣು. ಕಿವಿಯ ಕಡೆಗೆ ಸರಿಯುತ್ತಿತ್ತು. ನಾಲ್ಕು ವರ್ಷ ಇರುವಾಗ ಅಂಗಳಕ್ಕೆ ಇಳಿದ ಕೂಡಲೇ, ಬಿಸಿಲಿಗೆ, ನಾನು ಒಂದು ಕಣ್ಣು ಮುಚ್ಚುತ್ತಿದ್ದೆನಂತೆ. ಅಜ್ಜಿ ಅದನ್ನು ಮುದ್ದು ಎಂದುಕೊಂಡರು. ಅದು ಮುದ್ದಲ್ಲ, ಕಣ್ಣು ಹೊರಗೆ ಸರಿಯುವ ಮಕ್ಕಳು ಹಾಗೆ ಮಾಡುತ್ತಾರೆ ಅಂತ ನನಗೆ ಗೊತ್ತಾದದ್ದು ಮೂವತ್ತು ವರ್ಷ ಕಳೆದ ಮೇಲೆ. ಆಗ ಕಣ್ಣು ಸರಿಯುತ್ತಿದ್ದದ್ದು ಜ್ವರ ಬಂದಾಗ, ನಿದ್ದೆ ಬಂದಾಗ ಮಾತ್ರ. ಅಮ್ಮ "ಕಣ್ಣು ಸರಿ ಮಾಡು" ಅಂದರೆ ಬಲ ಹಾಕಿ ಸರಿ ಮಾಡಿಕೊಳ್ಳುತ್ತಿದ್ದೆ. ಮನೆಗೆ ಬಂದವರು "ಬಿಡಿ, ಅದು ಅದೃಷ್ಟದ ಕಣ್ಣು, ದೊಡ್ಡವಳಾದ ಮೇಲೆ ತನ್ನಿಂದ ತಾನೇ ಸರಿ ಆಗ್ತದೆ" ಎಂದು ಹೇಳಿ ಹೋಗುತ್ತಿದ್ದರು. ಆಗಲಿಲ್ಲ. ಕಾಲೇಜು ಮುಗಿಸುವಷ್ಟರಲ್ಲಿ ಎಷ್ಟು ಬಲ ಹಾಕಿದರೂ ಕಣ್ಣು ಹಿಂದೆ ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಪುಟ್ಟ ಮಗುವಿಗೆ ಮೂಗಿನ ಬುಡ ಅಗಲ ಇದ್ದರೆ ಕಣ್ಣು ಓರೆ ಇದ್ದ ಹಾಗೆ ಸುಮ್ನೆ ಕಾಣುವುದುಂಟು, ಮುಖ ಬೆಳೆದ ಹಾಗೆ ಆ ನೋಟ ಹೋಗುತ್ತದೆ. 'ತನ್ನಿಂದ ತಾನೇ ಸರಿ ಆಯ್ತು' ಎಂಬ ಕತೆಗಳಲ್ಲಿ ಹೆಚ್ಚಿನವು ಇವೇ ಇರಬೇಕು. ನಿಜವಾಗಿ ಓರೆಯಾದ ಕಣ್ಣು ಹಾಗೆ ಸರಿಯಾಗುವುದಿಲ್ಲ. ಮಗುವಿನ ಮಿದುಳು ಓರೆ ಕಣ್ಣಿನಿಂದ ಬರುವ ಚಿತ್ರವನ್ನು ತಳ್ಳಿಹಾಕಲು ಕಲಿಯುತ್ತದೆ, ಆ ಕಣ್ಣು ಮಂದವಾಗಬಹುದು. ಏಳೆಂಟು ವರ್ಷದ ಒಳಗೆ ಕನ್ನಡಕ, ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ, ಬೇಕಾದರೆ ಆಪರೇಶನ್ ಮಾಡಿಸಿದರೆ ಒಳ್ಳೆಯ ಫಲ ಸಿಗುತ್ತದೆ. ಮಕ್ಕಳ ಆರೋಗ್ಯ ತಪಾಸಣೆಗೆ 2013ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ, 18 ವರ್ಷದವರೆಗೆ. ಒಳ್ಳೆಯದು. ಆದರೆ 18 ದಾಟಿದವರನ್ನು ಯಾರು ಕೇಳುತ್ತಾರೆ? ಅಂಗನವಾಡಿಗೂ ಶಾಲೆಗೂ ಇಂಥ ತಪಾಸಣೆ ಬಾರದ ಕಾಲದಲ್ಲಿ ಬೆಳೆದವರು ನಾವು. ನನ್ನ ಪತ್ರ ಇರುವುದು ಅವರ ಬಗ್ಗೆ.

ಶಾಲೆಗೆ ಸೇರಿದ ಹೊಸತರಲ್ಲಿ ನನಗೆ ಅತ್ಯಂತ ಕಷ್ಟದ ತಿಂಗಳು ಅಂದರೆ ಜೂನ್. ಮಳೆಯಿಂದಲ್ಲ. ಹೊಸ ಮಕ್ಕಳ ಹೆಸರು ಗೊತ್ತಿರುವುದಿಲ್ಲ. "ನೀನು ಹೇಳು" ಅಂದರೆ ಇಬ್ಬರು ಎದ್ದು ನಿಲ್ಲುತ್ತಿದ್ದರು, ಇಲ್ಲವೇ ಯಾರೂ ಏಳುತ್ತಿರಲಿಲ್ಲ. ಒಂದು ಮಗು ಪಾಪ, ಯಾವ ಕೆಟ್ಟ ಯೋಚನೆಯೂ ಇಲ್ಲದೆ ಕೇಳಿತ್ತು, "ಟೀಚರೇ, ನೀವು ಯಾರನ್ನು ನೋಡ್ತಾ ಇದ್ದೀರಿ?" ಇಡೀ ಕ್ಲಾಸು ನಕ್ಕಿತು. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ದಿನದಿಂದ ನಾನು ಬೆರಳು ತೋರಿಸಿ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ನಡೆದುಕೊಂಡು ಹೋಗಿ ಮಗುವಿನ ಡೆಸ್ಕ್ ಮುಟ್ಟಿ ಕೇಳುತ್ತಿದ್ದೆ. ಮೊದಲ ವಾರದಲ್ಲೇ ಮೂವತ್ತೈದು ಹೆಸರು ಬಾಯಿಪಾಠ ಮಾಡುತ್ತಿದ್ದೆ. ಎಲ್ಲರೂ "ಟೀಚರಿಗೆ ಮಕ್ಕಳ ಮೇಲೆ ಎಷ್ಟು ಪ್ರೀತಿ" ಎಂದರು. ಪ್ರೀತಿ ಇತ್ತು, ಸುಳ್ಳಲ್ಲ, ಜೊತೆಗೆ ಹೆದರಿಕೆಯೂ ಇತ್ತು.

ಹೊರಗೂ ಹಾಗೆಯೇ. ಬ್ಯಾಂಕಿನ ಕೌಂಟರಿನಲ್ಲಿ ನಾನು ಮಾತಾಡಿದರೆ ಎದುರಿಗೆ ಕೂತವರು ತಮ್ಮ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡುತ್ತಿದ್ದರು. ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಿದ್ದರೂ ಪಕ್ಕದ ಸೀಟಿನ ಗಂಡಸರಿಗೆ ತಮ್ಮನ್ನೇ ನೋಡುತ್ತಿದ್ದಾಳೆ ಅನಿಸುತ್ತಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಲ್ಲಿ ಒಬ್ಬರು, ನಾನು ಒಳಗೆ ಹೋದ ಮೇಲೆ, ಅಪ್ಪನಲ್ಲಿ "ಮಕ್ಕಳಿಗೂ ಬರ್ತದೋ ಏನೋ" ಎಂದದ್ದು ಅಡುಗೆಮನೆಗೆ ಕೇಳಿಸಿತ್ತು. ಕೈಯಲ್ಲಿ ಚಹಾದ ತಟ್ಟೆ ಇತ್ತು. ಇವತ್ತಿಗೂ ಆ ತಟ್ಟೆಯ ಹೂವಿನ ಚಿತ್ರ ನೆನಪಿದೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ಎಲ್ಲ ಫೋಟೋದಲ್ಲೂ ಕೆಳಗೆ ನೋಡುತ್ತಿದ್ದೇನೆ. ನೋಡಿದವರು ನಾಚಿಕೆ ಎಂದುಕೊಳ್ಳುತ್ತಾರೆ.

ಇದೆಲ್ಲ ಮನಸ್ಸಿನ ವಿಷಯ, ಗಟ್ಟಿ ಮಾಡಿಕೊಂಡರೆ ಆಯ್ತು ಎಂದು ಹೇಳುವವರಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಆದರೆ ಇದು ನನ್ನೊಬ್ಬಳ ಮನಸ್ಸಿನ ಕತೆಯಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2009ರಲ್ಲಿ ದೊಡ್ಡವರ ಮೆಳ್ಳೆಗಣ್ಣಿಗೆಂದೇ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದನ್ನು ಎಎಸ್-20 ಎನ್ನುತ್ತಾರೆ. ಪ್ರಶ್ನೆಗಳನ್ನು ರೋಗಿಗಳ ಮಾತಿನಿಂದಲೇ ಆರಿಸಿದ್ದು. ಹತ್ತು ಪ್ರಶ್ನೆ ಜನರ ನಡುವೆ ಬದುಕುವುದರ ಬಗ್ಗೆ, ಹತ್ತು ಪ್ರಶ್ನೆ ಕೆಲಸ ಮಾಡುವುದರ ಬಗ್ಗೆ. ಜನ ಬಾಯಿಬಿಟ್ಟು ಹೇಳದಿದ್ದರೂ ನನ್ನ ಕಣ್ಣಿನ ಬಗ್ಗೆಯೇ ಯೋಚಿಸುತ್ತಿದ್ದಾರೆ ಅನಿಸುತ್ತದಾ, ಸರಿಯಾಗಿ ಕಾಣಲು ಒಂದು ಕಣ್ಣು ಮುಚ್ಚುತ್ತೀರಾ, ಓದುವಾಗ ಆಗಾಗ ನಿಲ್ಲಿಸಬೇಕಾಗುತ್ತದಾ, ದೂರ ಹತ್ತಿರದ ಅಂದಾಜು ತಪ್ಪುತ್ತದಾ, ಹೀಗೆ. ಒಂದೊಂದಕ್ಕೂ 'ಯಾವತ್ತೂ ಇಲ್ಲ'ದಿಂದ 'ಯಾವಾಗಲೂ' ತನಕ ಐದು ಉತ್ತರ. ಅದನ್ನು ಮೊದಲ ಸಲ ಓದಿದಾಗ ನಾನು ಅತ್ತುಬಿಟ್ಟೆ. ಎಲ್ಲೋ ದೂರದ ದೇಶದ, ನಾನು ಮುಖ ಕೂಡ ನೋಡದ ಜನ, ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಒಂದೊಂದಾಗಿ ಹೇಳಿದ್ದರು.

ಕೆಲಸದ ಕಷ್ಟವನ್ನು ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ತೋಡು ದಾಟಲು ಅಡಕೆ ಮರದ ಸಂಕ. ಎರಡು ಕಣ್ಣೂ ಒಟ್ಟಿಗೆ ನೋಡಿದರೆ ಮಾತ್ರ ಮಿದುಳಿಗೆ ಆಳ ಸರಿಯಾಗಿ ಸಿಗುವುದು. ನನಗೆ ಸಂಕದ ಮೊದಲ ಹೆಜ್ಜೆ ಯಾವಾಗಲೂ ಅಂದಾಜು. ಕಾಲಿನಿಂದ ತಡಕಾಡಿ ಇಡುತ್ತಿದ್ದೆ. ಹಿಂದೆ ಬರುವವರು "ಬೇಗ ಬೇಗ" ಎನ್ನುತ್ತಿದ್ದರು. ಸೂಜಿಗೆ ನೂಲು ಹಾಕುವುದು, ಲೋಟಕ್ಕೆ ಚಹಾ ಬಗ್ಗಿಸುವುದು, ಸ್ಕೂಟರಿನಲ್ಲಿ ಎದುರಿನ ಬಸ್ ಎಷ್ಟು ದೂರ ಇದೆ ಎಂದು ತಿಳಿಯುವುದು, ಇದೆಲ್ಲ ಉಳಿದವರು ಯೋಚನೆಯೇ ಮಾಡದೆ ಮಾಡುವ ಕೆಲಸ. ನಾವು ನೆರಳು, ಗಾತ್ರ, ಅಭ್ಯಾಸದಿಂದ ಹೇಗೋ ಲೆಕ್ಕ ಹಾಕುತ್ತೇವೆ. ಹಾಕುತ್ತಾ ಹಾಕುತ್ತಾ ಸಂಜೆಗೆ ತಲೆ ಸಿಡಿಯುತ್ತದೆ. ಪರೀಕ್ಷೆಯ ಪೇಪರು ತಿದ್ದುವಾಗ ನಾನು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದೆ. ಮೂವತ್ತೈದರ ನಂತರ ಕೆಲವು ಸಂಜೆ ಗೆರೆಗಳು ಎರಡೆರಡಾಗಿಯೂ ಕಾಣುತ್ತಿದ್ದವು.

ಎರಡೆರಡಾಗಿ ಕಾಣುವುದು ಅಂದ ಕೂಡಲೇ ನಮ್ಮ ಭಾವನ ವಿಷಯ ಹೇಳಬೇಕು. ಅವರಿಗೆ ಚಿಕ್ಕಂದಿನಿಂದ ಕಣ್ಣಿನ ತೊಂದರೆ ಏನೂ ಇರಲಿಲ್ಲ. ಆಟೋ ಓಡಿಸುತ್ತಾರೆ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಬೆಳಗ್ಗೆ ಎದ್ದು ಆಟೋ ತೆಗೆದರೆ ಎದುರಿಗೆ ಎರಡು ರಸ್ತೆ. ದೇವರ ದಯೆ, ಅಲ್ಲೇ ನಿಲ್ಲಿಸಿದರು. ಒಂದು ಕಡೆ ತೋರಿಸಿದರು. ಭಾವನಿಗೆ ಮನೆಯಲ್ಲಿ ತುಳು, ಹೊರಗೆ ಕನ್ನಡ, ಮಲಯಾಳ ವ್ಯಾಪಾರಕ್ಕೆ ಬೇಕಾದಷ್ಟು. ಗಾಬರಿಯಲ್ಲಿ "ರಡ್ಡ್ ರಡ್ಡ್ ತೋಜುಂಡು" (ಎರಡೆರಡು ಕಾಣುತ್ತದೆ) ಅಂದದ್ದು ಅಲ್ಲಿದ್ದವರಿಗೆ ಮಂಜಾಗಿ ಕಾಣುತ್ತದೆ ಎಂದು ಅರ್ಥವಾಯಿತು. ಕನ್ನಡಕದ ನಂಬರು ಬದಲಿಸಿ ಕಳಿಸಿದರು. ಹೊಸ ಕನ್ನಡಕದಲ್ಲಿ ಎರಡು ರಸ್ತೆಯೂ ಚೆನ್ನಾಗಿ ಕಂಡವು, ಅಷ್ಟೇ. ಒಂದು ವಾರ ಕಳೆದು ಬೇರೆ ಕಡೆ ಹೋದಾಗ ಗೊತ್ತಾಯಿತು, ಕಣ್ಣನ್ನು ಹೊರಗೆ ಎಳೆಯುವ ನರಕ್ಕೆ ಸಕ್ಕರೆ ಕಾಯಿಲೆಯಿಂದ ರಕ್ತ ಸರಿಯಾಗಿ ಹೋಗದೆ ಅದು ಸೋತಿದೆ ಎಂದು. ಆರನೇ ನರ ಅಂತ ಹೇಳಿದರು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಅದು ಸರಿಯಾಗುತ್ತದೆ. ಭಾವನಿಗೂ ಮೂರು ತಿಂಗಳಲ್ಲಿ ಆಯಿತು. ಆ ಮೂರು ತಿಂಗಳು ಒಂದು ಕಣ್ಣಿಗೆ ಪಟ್ಟಿ, ಆಮೇಲೆ ಕನ್ನಡಕದ ಗಾಜಿಗೆ ಅಂಟಿಸುವ ಪ್ರಿಸಮ್ ಹಾಳೆ, ಬೆಳಕನ್ನು ಬಾಗಿಸಿ ಎರಡು ಚಿತ್ರವನ್ನು ಒಂದು ಮಾಡುವಂಥದ್ದು. ಆಟೋ ಅಂಗಳದಲ್ಲಿ, ಸಾಲದ ಕಂತು ತಲೆಯ ಮೇಲೆ.

ದಯವಿಟ್ಟು ಇದನ್ನು ಎಲ್ಲರೂ ನೆನಪಿಡಿ. ಎರಡಾಗಿ ಕಂಡರೆ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದರೂ ಒಂದೇ ಕಂಡರೆ ಕಣ್ಣುಗಳ ನೇರ ತಪ್ಪಿದೆ ಎಂದು ಅರ್ಥ. ಒಂದು ಕಣ್ಣು ಮುಚ್ಚಿದ ಮೇಲೂ ಎರಡಾಗಿಯೇ ಕಂಡರೆ ತೊಂದರೆ ತೆರೆದಿರುವ ಕಣ್ಣಿನ ಒಳಗೇ ಇರಬಹುದು, ಪೊರೆಯೋ ಇನ್ನೊಂದೋ. ಇದಕ್ಕೆ ಯಾವ ಯಂತ್ರವೂ ಬೇಡ, ಯಾವ ಭಾಷೆಯೂ ಬೇಡ. ಮತ್ತೆ, ಇದ್ದಕ್ಕಿದ್ದ ಹಾಗೆ ಎರಡಾಗಿ ಕಾಣಲು ಶುರುವಾಗಿ ಜೊತೆಗೆ ಜೋರು ತಲೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಇದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆ ಆಗಿರಬಹುದು. ಆಗ ಕಣ್ಣಿನ ಡಾಕ್ಟರ ಟೋಕನಿಗೆ ಕಾಯುವುದಲ್ಲ, ನೇರ ತುರ್ತು ವಿಭಾಗಕ್ಕೆ ಓಡಬೇಕು.

ದೊಡ್ಡವರಲ್ಲಿ ಕಣ್ಣು ಓರೆಯಾಗಲು ಇನ್ನೂ ಕಾರಣಗಳಿವೆ. ಥೈರಾಯ್ಡ್ ಕಾಯಿಲೆ ಕಣ್ಣಿನ ಸ್ನಾಯುಗಳನ್ನು ದಪ್ಪ, ಬಿಗಿ ಮಾಡುತ್ತದೆ. ಬೈಕಿನಿಂದ ಬಿದ್ದು ತಲೆಗೋ ಕಣ್ಣಿನ ಗೂಡಿನ ಎಲುಬಿಗೋ ಪೆಟ್ಟಾದರೆ ಆಗುತ್ತದೆ. ಮಯಸ್ತೀನಿಯಾ ಎಂಬ ಕಾಯಿಲೆಯಲ್ಲಿ ಬೆಳಗ್ಗೆ ಸರಿ ಇದ್ದ ಕಣ್ಣು ಸಂಜೆಗೆ ಸೋಲುತ್ತದೆ. ದೃಷ್ಟಿ ಕಳೆದುಕೊಂಡ ಕಣ್ಣು ವರ್ಷಗಳು ಕಳೆದ ಹಾಗೆ ತಾನಾಗಿ ಹೊರಗೆ ಸರಿಯುತ್ತದೆ. ಚಿಕ್ಕಂದಿನಲ್ಲಿ ಆಪರೇಶನ್ ಆಗಿ ಸರಿಯಾದದ್ದು ಮೂವತ್ತು ನಲವತ್ತರಲ್ಲಿ ಮತ್ತೆ ತಿರುಗುವುದೂ ಉಂಟು. ಅಂದರೆ ಇದು ಎಲ್ಲೋ ನಾಲ್ಕು ಜನರ ದೋಷವಲ್ಲ, ನಾಳೆ ಯಾರ ಮನೆಗೂ ಬರಬಹುದು.

ಚಿಕಿತ್ಸೆಯ ಬಗ್ಗೆ ಊರಿನಲ್ಲಿ ಇರುವ ಮಾತು ಕೇಳಿದರೆ ಬೇಸರವಾಗುತ್ತದೆ. ಕಣ್ಣುಗುಡ್ಡೆ ಹೊರಗೆ ತೆಗೆದು ತಟ್ಟೆಯಲ್ಲಿಡುತ್ತಾರಂತೆ, ಇದ್ದ ದೃಷ್ಟಿಯೂ ಹೋಗುತ್ತದಂತೆ. ಹಾಗೇನೂ ಇಲ್ಲ. ಒಂದೊಂದು ಕಣ್ಣಿಗೆ ಹೊರಗಡೆಯಿಂದ ಆರು ಸ್ನಾಯುಗಳಿವೆ, ಕಣ್ಣನ್ನು ತಿರುಗಿಸುವುದು ಅವೇ. ಆಪರೇಶನ್ ಎಂದರೆ ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಸ್ವಲ್ಪ ಬಿಡಿಸಿ, ಬಿಗಿಯಾದ ಸ್ನಾಯುವನ್ನು ಹಿಂದಕ್ಕೆ ಸರಿಸಿ ಹೊಲಿಯುವುದು, ಸಡಿಲ ಇರುವುದನ್ನು ಗಿಡ್ಡ ಮಾಡಿ ಹೊಲಿಯುವುದು. ಲೆಕ್ಕ ಮಿಲಿಮೀಟರಿನದ್ದು. ಕಣ್ಣು ಇರುವ ಜಾಗದಲ್ಲೇ ಇರುತ್ತದೆ. ಇದೇನು ಹೊಸ ವಿದ್ಯೆಯೂ ಅಲ್ಲ. 1839ರಲ್ಲೇ ಬರ್ಲಿನ್‌ನಲ್ಲಿ ಡೀಫೆನ್‌ಬಾಖ್ ಎಂಬ ವೈದ್ಯರು ಮೆಳ್ಳೆಗಣ್ಣಿಗೆ ಸ್ನಾಯುವಿನ ಆಪರೇಶನ್ ಮಾಡಿದ್ದರು. ಈಗ ಮುಖದ ಸುಕ್ಕಿಗೆ ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತಿರುವ ಬೊಟಾಕ್ಸ್ ಇದೆಯಲ್ಲ, ಅದನ್ನು ಅಲನ್ ಸ್ಕಾಟ್ ಎಂಬ ಕಣ್ಣಿನ ವೈದ್ಯರು ಮೊದಲು ಮನುಷ್ಯರಿಗೆ ಬಳಸಿದ್ದೇ ಮೆಳ್ಳೆಗಣ್ಣಿಗೆ. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದೂ ಕಣ್ಣಿನ ತೊಂದರೆಗಳಿಗೇ. ಕಡಿಮೆ ಓರೆ ಇದ್ದವರಿಗೆ ಪ್ರಿಸಮ್ ಕನ್ನಡಕ ಸಾಕಾಗುತ್ತದೆ. ಇಷ್ಟು ದಾರಿ ಇರುವಾಗ "ಈ ಪ್ರಾಯದಲ್ಲಿ ಏನೂ ಮಾಡಲಿಕ್ಕಾಗುವುದಿಲ್ಲ" ಎಂಬ ಒಂದೇ ಮಾತು ನಮ್ಮೂರಿನಲ್ಲಿ ಗಟ್ಟಿಯಾಗಿ ಕೂತಿದೆ. ನನಗೂ ಒಬ್ಬರು ಡಾಕ್ಟರು, ಮೂವತ್ತನೇ ವಯಸ್ಸಿನಲ್ಲಿ, ಮುಖ ಎತ್ತಿ ನೋಡದೆ ಹೇಳಿದ್ದರು, "ಮದುವೆ ಆಗಿದೆಯಲ್ಲ, ಇನ್ನು ಯಾಕೆ?" ಆ ಮಾತು ನಂಬಿ ನಾನು ಎಂಟು ವರ್ಷ ಕಳೆದೆ.

ಆಮೇಲೆ ಒಬ್ಬರು ಒಳ್ಳೆಯ ವೈದ್ಯರು ಸಿಕ್ಕಿದರು, ಮಂಗಳೂರಿನಲ್ಲಿ. ಚಿಕ್ಕಂದಿನಲ್ಲಿ ಕಣ್ಣು ಆಗಾಗ ಮಾತ್ರ ಸರಿಯುತ್ತಿದ್ದ ಕಾರಣ ನಿಮ್ಮ ಮಿದುಳಿಗೆ ಎರಡೂ ಕಣ್ಣಿನ ಅಭ್ಯಾಸ ಇದ್ದೇ ಇದೆ, ಮಾಡೋಣ ಎಂದರು. 2020ರ ಬೇಸಿಗೆ ರಜೆಗೆ ಎಂದು ದಿನ ಇಟ್ಟುಕೊಂಡಿದ್ದೆವು. ಆ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದರು. ಆಂಬುಲೆನ್ಸ್ ಕೂಡ ಬಿಡದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದರ ಎದುರಿಗೆ ನನ್ನ ಕಣ್ಣು ದೊಡ್ಡದಲ್ಲ, ಕಾಯುವುದು ಕಾದೆ. ಆದರೆ ಆ ದಿನಗಳಲ್ಲಿ ಕಲಿತದ್ದು ಒಂದುಂಟು. ನಮ್ಮ ಆರೋಗ್ಯವನ್ನು ನಾವು ಒಂದು ಗೇಟಿನ ಆಚೆ ಇಟ್ಟುಕೊಂಡಿದ್ದೇವೆ. ಆಪರೇಶನ್ ಆದದ್ದು 2022ರ ಏಪ್ರಿಲ್‌ನಲ್ಲಿ. ಬೆಳಗ್ಗೆ ಹೋದವಳು ಸಂಜೆ ಮನೆಗೆ ಹೊರಟೆ. ಎರಡು ಮೂರು ವಾರ ಕಣ್ಣು ಕೆಂಪು, ಹೊಲಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು, ಸ್ವಲ್ಪ ದಿನ ಎರಡೆರಡು ಕಂಡಿತು. ಎಲ್ಲ ಹೇಳುತ್ತೇನೆ, ಯಾಕೆಂದರೆ ಸುಳ್ಳು ಧೈರ್ಯ ಕೊಟ್ಟು ಯಾರನ್ನೂ ಕಳಿಸಬಾರದು. ಕೆಲವರಿಗೆ ಒಂದು ಸಲಕ್ಕೆ ಸಾಕಾಗದೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಆಳದ ನೋಟ ಎಲ್ಲರಿಗೂ ಹಿಂದೆ ಬರುವುದಿಲ್ಲ. ನನಗೆ ಈಗಲೂ ತುಂಬಾ ದಣಿದರೆ ಕಣ್ಣು ಸ್ವಲ್ಪ ಸರಿಯುತ್ತದೆ.

ಆದರೆ ಆ ಜೂನ್‌ನಲ್ಲಿ ಜಗಲಿಯಲ್ಲಿ ಕೂತಿದ್ದೆ. ಮಾಡಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಹತ್ತಿರದ ಎಳೆ ಹತ್ತಿರ, ಅದರ ಹಿಂದಿನ ಮಳೆ ಹಿಂದೆ, ಅದಕ್ಕೂ ಹಿಂದೆ ಅಡಕೆ ಮರ, ಮರಕ್ಕೂ ಮರಕ್ಕೂ ನಡುವೆ ಜಾಗ. ಅಷ್ಟು ವರ್ಷ ಅದೆಲ್ಲ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಹಾಗೆ ಇತ್ತು. ಮರುದಿನ ಶಾಲೆಗೆ ಹೋಗಿ ಹೊಸ ಮಕ್ಕಳ ಎದುರು ನಿಂತು ಮೂರನೇ ಬೆಂಚಿನ ಒಂದು ಹುಡುಗಿಯನ್ನು ನೋಡಿ, ಹೆಸರು ಹೇಳದೆ, "ನೀನು ಹೇಳು" ಎಂದೆ. ಅವಳೊಬ್ಬಳೇ ಎದ್ದಳು.

ಇನ್ನು ಹಣದ ವಿಷಯ. ನನ್ನ ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಕಾಗದದಲ್ಲಿ ಬಂದದ್ದು ಒಂದೇ ಪದ, ಕಾಸ್ಮೆಟಿಕ್. ಚಂದಕ್ಕಾಗಿ ಮಾಡಿಸಿದ್ದು ಎಂದು ಅರ್ಥ. ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಎಂಬ ಷರತ್ತು ಇದ್ದೇ ಇರುತ್ತದೆ. ಆ ಷರತ್ತು ಇರಲಿ. ಆದರೆ ಇದು ರೂಪ ಬದಲಿಸುವುದಲ್ಲ, ತಪ್ಪಿದ್ದನ್ನು ಇದ್ದ ಹಾಗೆ ಮಾಡುವುದು. ಅಮೆರಿಕದ ಕಣ್ಣಿನ ವೈದ್ಯರ ಸಂಘ ದೊಡ್ಡವರ ಮೆಳ್ಳೆಗಣ್ಣಿನ ಆಪರೇಶನ್ ಕಾಸ್ಮೆಟಿಕ್ ಅಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಸೀಳುತುಟಿ ಹೊಲಿದರೆ ಅದನ್ನು ನಾವು ಶೃಂಗಾರ ಎನ್ನುತ್ತೇವಾ? ಇನ್ನೊಂದು ಕಡೆ ನೋಡಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲೂ ನಾವು ಇಲ್ಲ. ಅಲ್ಲಿ ಕುರುಡು ಮತ್ತು ಮಂದದೃಷ್ಟಿಯ ಲೆಕ್ಕ, ಅದೂ ಚೆನ್ನಾಗಿ ಕಾಣುವ ಕಣ್ಣಿನ ಲೆಕ್ಕ. ನಾವು ಅಂಗವಿಕಲರ ಸರ್ಟಿಫಿಕೇಟು ಕೇಳುತ್ತಿಲ್ಲ. ಅಂಗವಿಕಲತೆ ಅಲ್ಲ, ಕಾಯಿಲೆಯೂ ಅಲ್ಲ, ಬರೀ ಚಂದದ ಆಸೆ ಎಂದು ಎರಡೂ ಬಾಗಿಲು ಮುಚ್ಚಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಚಂದದ ಆಸೆ ಎನ್ನುವವರು ಒಮ್ಮೆ ಕೇರಳ ಪಿಎಸ್‌ಸಿಯ ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಅಧಿಸೂಚನೆ ಓದಿ ನೋಡಿ. ಮೆಳ್ಳೆಗಣ್ಣು ಇದ್ದರೆ ಅನರ್ಹ ಎಂದು ಅದರಲ್ಲೇ ಬರೆದಿರುತ್ತದೆ. ಆ ಕೆಲಸಕ್ಕೆ ಅದು ಬೇಕಿರಬಹುದು, ನಾನು ವಾದ ಮಾಡುವುದಿಲ್ಲ. ಆದರೆ ಸರ್ಕಾರ ಕೆಲಸ ಕೊಡುವಾಗ ದೋಷ ಎನ್ನುವುದನ್ನು ಚಿಕಿತ್ಸೆ ಕೇಳುವಾಗ ದೋಷವೇ ಅಲ್ಲ ಎಂದರೆ ಹೇಗೆ? ಖಾಸಗಿ ಅಂಗಡಿ, ಆಫೀಸುಗಳಲ್ಲಿ ಬರೆದಿರುವುದಿಲ್ಲ, ಬರೆಯದೆಯೇ ನಡೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಹದಿನೈದು ವರ್ಷದ ಹಿಂದೆ ಮಕ್ಕಳಿಗೆ ಅವಳಿಗಳ ಫೋಟೋ ತೋರಿಸಿ, ಇಬ್ಬರಲ್ಲಿ ಯಾರನ್ನು ಹುಟ್ಟುಹಬ್ಬಕ್ಕೆ ಕರೆಯುತ್ತೀರಿ ಎಂದು ಕೇಳಿದ್ದರು. ಒಬ್ಬರ ಕಣ್ಣನ್ನು ಫೋಟೋದಲ್ಲಿ ಓರೆ ಮಾಡಿದ್ದರು. ಆರು ವರ್ಷ ದಾಟಿದ ಮಕ್ಕಳು ಓರೆ ಕಣ್ಣಿನ ಮಗುವನ್ನು ಕಡಿಮೆ ಸಲ ಆರಿಸಿದರು. ಟೀಚರಾಗಿ ನನಗೆ ಇದು ತುಂಬಾ ನೋವಾದ ವಿಷಯ. ಒಂದನೇ ಕ್ಲಾಸಿನಲ್ಲೇ ಶುರುವಾದದ್ದನ್ನು ಆ ಮಗು ನಲವತ್ತು ವರ್ಷ ಹೊತ್ತುಕೊಂಡು ನಡೆಯುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದು ಏನು? ದೊಡ್ಡ ಕಟ್ಟಡವನ್ನಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ, ಕಾಯಲು ನಮಗೆ ಗೊತ್ತು. ಅಲ್ಲಾಗಲಿ, ಜನರಲ್ ಆಸ್ಪತ್ರೆಯಲ್ಲಾಗಲಿ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ತಿಂಗಳಿಗೆ ಒಂದು ದಿನ ಮೆಳ್ಳೆಗಣ್ಣು ನೋಡುವ ವೈದ್ಯರು ಕೂರಲಿ, ದೊಡ್ಡವರಿಗೂ ಎಂದು ಬೋರ್ಡಿನಲ್ಲಿ ಬರೆಯಿರಿ. ಆ 'ದೊಡ್ಡವರಿಗೂ' ಎಂಬ ಪದ ಇಲ್ಲದಿದ್ದರೆ ನಾವು ಯಾರೂ ಬರುವುದಿಲ್ಲ, ಮಕ್ಕಳದ್ದು ಎಂದು ಅಂದುಕೊಂಡು ಹೋಗುತ್ತೇವೆ. ಸರ್ಕಾರದ ಕಾರುಣ್ಯ ಆರೋಗ್ಯ ವಿಮೆ ಯೋಜನೆಯ ಕಾರ್ಡಿನಲ್ಲಿ ಈ ಆಪರೇಶನ್ ಯಾರಿಗೆ, ಯಾವ ಆಸ್ಪತ್ರೆಯಲ್ಲಿ ಆಗುತ್ತದೆ ಎಂದು ಕುಟುಂಬ ಆರೋಗ್ಯ ಕೇಂದ್ರದ ಗೋಡೆಗೆ ಕನ್ನಡದಲ್ಲೂ ಮಲಯಾಳದಲ್ಲೂ ಅಂಟಿಸಿ. ಡಾಕ್ಟರುಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಚೀಟಿಯಲ್ಲಿ ಸುಮ್ನೆ ಸ್ಕ್ವಿಂಟ್ ಎಂದು ಬರೆದು ಬಿಡಬೇಡಿ. ಎರಡೆರಡು ಕಾಣುತ್ತದೆ, ತಲೆನೋವು ಇದೆ, ಆಳ ತಿಳಿಯುವುದಿಲ್ಲ, ತಲೆ ವಾರೆ ಮಾಡಿ ನೋಡುತ್ತಾರೆ, ಜನರ ನಡುವೆ ಹೋಗುವುದು ಬಿಟ್ಟಿದ್ದಾರೆ, ಇದನ್ನೆಲ್ಲ ಕೇಳಿ ಬರೆಯಿರಿ. ನೀವು ಬರೆಯುವ ಆ ನಾಲ್ಕು ಸಾಲಿನ ಮೇಲೆ ವಿಮೆಯ ಹಣ ನಿಂತಿರುತ್ತದೆ.

ಆಶಾ ಅಕ್ಕಂದಿರೇ, ನೀವು ಬಿಪಿ, ಶುಗರ್ ಎಂದು ಮನೆಗೆ ಬರುತ್ತೀರಲ್ಲ, ಆಗ ಎರಡೆರಡು ಕಾಣುತ್ತದಾ ಎಂದೂ ಒಂದು ಮಾತು ಕೇಳಿ. ತುಳುವಿನಲ್ಲೇ ಕೇಳಿ, ಕನ್ನಡದಲ್ಲೇ ಕೇಳಿ. ಹೆಂಗಸರ ಕುಟುಂಬಶ್ರೀ ಸ್ವಸಹಾಯ ಕೂಟದಲ್ಲಿ ಯಾವಾಗಲೂ ಹಿಂದಿನ ಮೂಲೆಯಲ್ಲಿ, ಫೋಟೋ ತೆಗೆಯುವಾಗ ನೀರು ಕುಡಿಯಲು ಎದ್ದು ಹೋಗುವ ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಊರಿನವರೇ, ಮಾತಾಡುವಾಗ ಯಾವ ಕಣ್ಣು ನೋಡುವುದು ಎಂದು ಗೊತ್ತಾಗದೆ ನೀವು ಮುಖ ತಿರುಗಿಸುತ್ತೀರಿ, ಅದು ನಿಮ್ಮ ತಪ್ಪಲ್ಲ. ನಿಮ್ಮ ಕಡೆ ನೇರ ಇರುವ ಕಣ್ಣನ್ನು ನೋಡಿ ಮಾತಾಡಿ, ಅಷ್ಟು ಸಾಕು. ಅದೃಷ್ಟ ಎಂದೂ ಹೇಳಬೇಡಿ, ಶಕುನ ಎಂದೂ ಹೇಳಬೇಡಿ.

ಈ ಪತ್ರದ ಪ್ರತಿಯನ್ನು ಅಂಚೆಯಲ್ಲೂ ಕಳಿಸಿದ್ದೇನೆ, ಕನ್ನಡದಲ್ಲೇ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯ ಪ್ರಕಾರ ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಉತ್ತರ ನನಗಲ್ಲ, ಆ ತಾಯಿಗೆ. ಅವರು ಅಡಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಮೆಟ್ಟುಕತ್ತಿಯ ಮೇಲೆ ಕೈ ಇಡುವಾಗ ಅಂದಾಜು ತಪ್ಪಿ ಎರಡು ಸಲ ಬೆರಳು ಕೊಯ್ದುಕೊಂಡಿದ್ದಾರೆ. ಅವರ ಮಗ ಈಗ ಮೂರನೇ ಕ್ಲಾಸು, ನಾಲ್ಕು ಮುಗಿಸಿದರೆ ನಮ್ಮ ಶಾಲೆ ಬಿಟ್ಟು ಹೋಗುತ್ತಾನೆ. ಅಷ್ಟರೊಳಗೆ ಒಂದು ಮೀಟಿಂಗಿಗಾದರೂ ಅವರು ಗೇಟು ದಾಟಿ ಒಳಗೆ ಬಂದು, ಮುಂದಿನ ಬೆಂಚಿನಲ್ಲಿ ಕೂತು, ಮಗನ ಮಾರ್ಕಿನ ಬಗ್ಗೆ ನನ್ನ ಹತ್ತಿರ ಜಗಳವಾಡಬೇಕು ಎಂದು ನನಗೆ ಆಸೆ. ಯಾವ ಆಸ್ಪತ್ರೆ, ಯಾವ ದಿನ, ಯಾವ ಕೋಣೆ ಎಂದು ತಿಳಿಸಿ. ನಾನು ರಜೆ ಹಾಕಿ ಕರೆದುಕೊಂಡು ಬರುತ್ತೇನೆ.

ಇತಿ,
ಬದಿಯಡ್ಕದ ಕಡೆಯ ಒಬ್ಬ ಕನ್ನಡ ಟೀಚರ್